ಫೈಲ್ ಇದೆ, ಕಾರಣ ಇಲ್ಲ: ಡಿಸೈನ್ ವಿದ್ಯಾರ್ಥಿಗಳ ಸ್ವಂತ ಕಲಿಕೆಗೆ ಡಿಜಿಟಲ್ ಟೂಲ್ ಎಷ್ಟು ಬೇಕು?

(ಪಾಡ್‌ಕಾಸ್ಟ್ ಕಂತಿನ ಬರಹರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ಕಂತಿಗೆ ಕಾರಣ ನನ್ನ ಚಿಕ್ಕಪ್ಪನ ಮಗಳು. ತಿಪಟೂರಿನವಳು. ಒಂದು ಡಿಸೈನ್ ಸಂಸ್ಥೆಯಲ್ಲಿ ಎಂ.ಡಿಸ್ ಓದ್ತಿದ್ದಾಳೆ. ಅವಳ ಒಪ್ಪಿಗೆ ತಗೊಂಡೇ ಈ ಕಥೆ ಹೇಳ್ತಿದ್ದೀನಿ, ಹೆಸರು ಮಾತ್ರ ಬೇಡ ಅಂದಳು. ಕಳೆದ ವರ್ಷ ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ್ಲು. "ಅಣ್ಣ, ಜ್ಯೂರಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ರು. ಉತ್ತರ ಬರಲಿಲ್ಲ. ಒಂದು ತಿಂಗಳು ಬಿಟ್ಟು ಮತ್ತೆ ತೋರಿಸು ಅಂದ್ರು."

ಜ್ಯೂರಿ ಅಂದ್ರೆ ಡಿಸೈನ್ ಕಾಲೇಜಿನ ಪರೀಕ್ಷೆ ಇದ್ದ ಹಾಗೆ. ಪ್ರಶ್ನೆಪತ್ರಿಕೆ ಇರಲ್ಲ. ನೀವು ಮಾಡಿದ ಕೆಲಸ ಗೋಡೆಗೆ ಅಂಟಿಸಿ, ನಾಲ್ಕೈದು ಜನರ ಮುಂದೆ ನಿಂತು, ಹೀಗೆ ಯಾಕೆ ಮಾಡಿದೆ ಅಂತ ವಿವರಿಸಬೇಕು. ಅವಳ ಓದು ನಡೀತಿರೋದು ಎಜುಕೇಶನ್ ಲೋನ್ ಮೇಲೆ. ಚಿಕ್ಕಪ್ಪ ಕೊಬ್ಬರಿ ವ್ಯಾಪಾರದವರು, ಸಾಲಕ್ಕೆ ಅವರದ್ದೇ ಸಹಿ. ಪ್ರಾಜೆಕ್ಟ್ ಒಂದು ಸೆಮಿಸ್ಟರ್ ಮುಂದಕ್ಕೆ ಹೋದ್ರೆ ಫೀಸು, ರೂಮಿನ ಬಾಡಿಗೆ, ಬಡ್ಡಿ, ಎಲ್ಲವೂ ಜೊತೆಗೆ ಮುಂದಕ್ಕೆ ಹೋಗುತ್ತೆ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಅವಳು ಎಡವಿದ್ದರಲ್ಲಿ ನನ್ನ ಪಾಲೂ ಇತ್ತು. ಅದನ್ನೂ ಹೇಳ್ತೀನಿ.

ಕೈಗೆ ಬಂದದ್ದು ಏನು?

ಅವಳ ಪ್ರಾಜೆಕ್ಟ್ ಕೇಳೋಕೆ ಸಣ್ಣದು. ಬಸ್ಸಿನ ಮುಂಭಾಗದಲ್ಲಿ ಎಲ್‌ಇಡಿ ಬೋರ್ಡ್ ಇರುತ್ತಲ್ಲ, ಊರಿನ ಹೆಸರು ಹೊಳೆಯುವ ಬೋರ್ಡ್. ಅದರಲ್ಲಿ ಕನ್ನಡ ಅಕ್ಷರ ದೂರದಿಂದಲೇ ಸರಿಯಾಗಿ ಓದೋ ಹಾಗೆ ವಿನ್ಯಾಸ ಮಾಡಬೇಕು.

ಕಷ್ಟ ಎಲ್ಲಿದೆ ನೋಡಿ. ಒಂದು ಬೋರ್ಡಿನಲ್ಲಿ ಮೇಲಿಂದ ಕೆಳಗೆ 16 ಸಾಲು ದೀಪ ಇದೆ ಅಂತಿಟ್ಟುಕೊಳ್ಳಿ. ಇಂಗ್ಲಿಷ್‌ನ ದೊಡ್ಡಕ್ಷರಗಳಲ್ಲಿ ಬರೆದ್ರೆ 16 ಸಾಲನ್ನೂ ಪೂರ್ತಿ ಬಳಸಬಹುದು, ಯಾಕಂದ್ರೆ ಕೆಳಗೆ ಏನೂ ಇಳಿಯಲ್ಲ. ಕನ್ನಡದಲ್ಲಿ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಒತ್ತಿಗೆ ಜಾಗ ಬಿಟ್ರೆ ಮೂಲ ಅಕ್ಷರ ಕುಗ್ಗುತ್ತೆ. ಬಿಡದಿದ್ರೆ ಒತ್ತು ಕತ್ತರಿಸಿ ಹೋಗುತ್ತೆ. ಜೊತೆಗೆ ದ ಮತ್ತು ಧ, ಪ ಮತ್ತು ಫ, ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ದೀಪಗಳು ಕಮ್ಮಿ ಆದಾಗ ಮೊದಲು ಮಾಯ ಆಗೋದು ಅದೇ.

ಅವಳು ಮೂಲ ಅಕ್ಷರಕ್ಕೆ 11 ಸಾಲು, ಒತ್ತಿಗೆ 5 ಸಾಲು ಅಂತ ಹಂಚಿದ್ದಳು. ಜ್ಯೂರಿಯವರು ಕೇಳಿದ್ದು ಇಷ್ಟೇ: "11 ಯಾಕೆ? 10 ಯಾಕಲ್ಲ? 12 ಯಾಕಲ್ಲ?"

ಅವಳು ಮೂರನ್ನೂ ಮಾಡಿ ನೋಡಿದ್ದಳು. ನಲವತ್ತಕ್ಕಿಂತ ಹೆಚ್ಚು ಫೈಲ್ ಇದ್ದವು: ಫೈನಲ್, ಫೈನಲ್ 2, ನಿಜವಾದ ಫೈನಲ್. ಚಿತ್ರ ಕೂಡಿಡುವ ಆ್ಯಪ್‌ನಲ್ಲಿ ಬಸ್ ಬೋರ್ಡುಗಳ ಸಾವಿರಾರು ಫೋಟೊ ಇದ್ದವು. ಆದ್ರೆ 11ಕ್ಕೆ ಬಂದು ನಿಂತದ್ದು ಯಾಕೆ ಅನ್ನೋದು ಯಾವ ಫೈಲಿನಲ್ಲೂ ಇರಲಿಲ್ಲ. ಅವಳ ತಲೆಯಲ್ಲೂ ಉಳಿದಿರಲಿಲ್ಲ.

ನನ್ನ ತಪ್ಪು

ಅವಳು ಪ್ರಾಜೆಕ್ಟ್ ಶುರು ಮಾಡಿದಾಗ ನನ್ನ ಸಲಹೆ ಕೇಳಿದ್ದಳು. ನಾನೋ, ಆ್ಯಪ್‌ಗಳ ಬಗ್ಗೆ ಕಂತಿನ ಮೇಲೆ ಕಂತು ಮಾಡಿದವನು. ಖುಷಿಯಿಂದ ಒಂದು ನೋಟ್ಸ್ ಆ್ಯಪ್‌ನಲ್ಲಿ ಅವಳಿಗೆ ದೊಡ್ಡ ವ್ಯವಸ್ಥೆ ಕಟ್ಟಿಕೊಟ್ಟೆ. 14 ಕಾಲಂ, ಬಣ್ಣಬಣ್ಣದ ಟ್ಯಾಗ್, ಡ್ಯಾಶ್‌ಬೋರ್ಡ್. ಅವಳು ಮೂರು ವಾರ ಆ ಕಾಲಂ ತುಂಬಿಸೋದರಲ್ಲೇ ಕಳೆದಳು. ಅಕ್ಷರ ಬಿಡಿಸಲಿಲ್ಲ. ಆಮೇಲೆ ಬೇಸತ್ತು ಇಡೀ ವ್ಯವಸ್ಥೆಯನ್ನೇ ಕೈಬಿಟ್ಟಳು.

ನಾನು ಬಿ.ಕಾಂ ಓದಿದವನು. ಅವತ್ತು ರಾತ್ರಿ ಫೋನ್ ಇಟ್ಟಮೇಲೆ ನನಗೆ ನೆನಪಾದದ್ದು ಮೊದಲ ವರ್ಷದ ಅಕೌಂಟೆನ್ಸಿ ಕ್ಲಾಸು. ಜರ್ನಲ್ ಎಂಟ್ರಿ ಬರೆದಮೇಲೆ ಅದರ ಕೆಳಗೆ ಒಂದು ಸಾಲು ನರೇಷನ್ ಬರೀಬೇಕು: ಈ ಹಣ ಯಾಕೆ ಹೋಯಿತು, ಯಾಕೆ ಬಂತು. ಡೆಬಿಟ್, ಕ್ರೆಡಿಟ್ ಸರಿ ಇದ್ರೂ ನರೇಷನ್ ಇಲ್ಲ ಅಂದ್ರೆ ನಮ್ಮ ಲೆಕ್ಚರರ್ ಅರ್ಧ ಮಾರ್ಕ್ ಕಟ್ ಮಾಡೋರು. ಆಗ ಸಿಟ್ಟು ಬರ್ತಿತ್ತು. ಆರು ತಿಂಗಳು ಬಿಟ್ಟು ಅದೇ ಪುಸ್ತಕ ಆಡಿಟರ್ ಮುಂದೆ ತೆರೆದಾಗ ಆ ಒಂದು ಸಾಲೇ ಕಾಯೋದು ಅಂತ ಕೆಲಸಕ್ಕೆ ಸೇರಿದಮೇಲೆ ಗೊತ್ತಾಯ್ತು.

ನಮ್ಮ ಹುಡುಗಿ ಹತ್ರ ಎಂಟ್ರಿಗಳು ಬೇಕಾದಷ್ಟಿದ್ದವು. ನರೇಷನ್ ಇರಲಿಲ್ಲ. ಡಿಜಿಟಲ್ ಟೂಲ್ ಕಲಿಕೆಗೆ ನೆರವಾಗೋದು ಎಷ್ಟು ಕೂಡಿಡ್ತು ಅನ್ನೋದರಿಂದ ಅಲ್ಲ. ನಿಮ್ಮ ತೀರ್ಮಾನದ ಕಾರಣವನ್ನ ಎಷ್ಟು ಉಳಿಸ್ತು ಅನ್ನೋದರಿಂದ. ಇವತ್ತಿನ ಕಂತಿನಲ್ಲಿ ನಾನು ಹೇಳಬೇಕಾದ್ದು ಇದೊಂದೇ. ಉಳಿದದ್ದು ಹೇಗೆ ಅನ್ನೋದರ ವಿವರ.

ಸ್ವಂತ ಕಲಿಕೆ ಅಂದ್ರೆ ಒಂಟಿ ಕಲಿಕೆ ಅಲ್ಲ

ಎಂ.ಡಿಸ್ ಕೋರ್ಸು ಸಾಮಾನ್ಯವಾಗಿ ಎರಡು ಅಥವಾ ಎರಡೂವರೆ ವರ್ಷ. ಐಐಟಿಗಳಿಗೆ, ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ಸೇರೋರು ಬರೆಯುವ ಸೀಡ್ ಪರೀಕ್ಷೆಗೆ ಯಾವ ವಿಷಯದ ಪದವಿ ಇದ್ರೂ ಕೂರಬಹುದು. ಹಾಗಾಗಿ ಒಂದೇ ಕ್ಲಾಸಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರ್, ಆರ್ಕಿಟೆಕ್ಟ್, ಚಿತ್ರಕಲೆ ಓದಿದವರು ಅಕ್ಕಪಕ್ಕ ಕೂತಿರ್ತಾರೆ. ಒಬ್ಬರಿಗೆ ಗೊತ್ತಿರೋದು ಇನ್ನೊಬ್ಬರಿಗೆ ಹೊಸದು. ಎಲ್ಲರಿಗೂ ಒಂದೇ ಪಾಠ ಮಾಡೋಕಾಗಲ್ಲ. ಹಾಗಾಗಿ ನಿನಗೆ ಏನು ಬೇಕೋ ಅದನ್ನ ನೀನೇ ಕಲಿ ಅನ್ನೋದು ಇಲ್ಲಿ ಅನಿವಾರ್ಯ.

ಈ ಬಗೆಯ ಕಲಿಕೆ ಬಗ್ಗೆ ಅಮೆರಿಕದ ಮಾಲ್ಕಂ ನೋಲ್ಸ್ 1975ರಲ್ಲಿ ಒಂದು ಪುಸ್ತಕ ಬರೆದರು. ಅದರ ತಿರುಳು ಇಷ್ಟು: ಏನು ಬೇಕು ಅಂತ ಗುರುತಿಸೋದು, ಗುರಿ ಇಟ್ಟುಕೊಳ್ಳೋದು, ಮೂಲಗಳನ್ನ ಹುಡುಕೋದು, ದಾರಿ ಆರಿಸಿಕೊಳ್ಳೋದು, ಕಲಿತದ್ದನ್ನ ಅಳೆಯೋದು, ಈ ಐದರಲ್ಲೂ ಮೊದಲ ಹೆಜ್ಜೆ ಕಲಿಯುವವನದೇ. ಇದು ಬೇರೆಯವರ ನೆರವಿನಿಂದಲೂ ಆಗಬಹುದು, ಇಲ್ಲದೆಯೂ ಆಗಬಹುದು ಅಂತಾರೆ ಅವರು. ಅಂದ್ರೆ ರೂಮಿನ ಬಾಗಿಲು ಹಾಕ್ಕೊಂಡು ಯೂಟ್ಯೂಬ್ ನೋಡೋದಷ್ಟೇ ಸ್ವಂತ ಕಲಿಕೆ ಅಲ್ಲ. ಯಾರನ್ನ, ಯಾವಾಗ, ಏನು ಕೇಳಬೇಕು ಅಂತ ತೀರ್ಮಾನಿಸೋದೂ ಅದರಲ್ಲೇ ಸೇರುತ್ತೆ.

ಈ ಐದನ್ನೇ ಇಟ್ಟುಕೊಂಡು, ಆ ಒಂದು ತಿಂಗಳು ನಾವು ಯಾವ ಟೂಲ್ ಉಳಿಸಿಕೊಂಡ್ವಿ, ಯಾವುದು ಬಿಟ್ವಿ ಅಂತ ಹೇಳ್ತೀನಿ.

ಒಂದು: ಒಂದೇ ಪುಟದ ಕರಾರು

14 ಕಾಲಂ ಡಿಲೀಟ್ ಮಾಡಿದ್ವಿ. ಅದರ ಬದಲು ಒಂದು ಗೂಗಲ್ ಡಾಕ್, ಒಂದೇ ಪುಟ. ನೋಲ್ಸ್ ಇದನ್ನ ಕಲಿಕೆಯ ಕರಾರು ಅಂತ ಕರೀತಾರೆ. ನಾಲ್ಕು ಪ್ರಶ್ನೆ: ಏನು ಕಲೀಬೇಕು? ಎಲ್ಲಿಂದ? ಕಲಿತೆ ಅನ್ನೋದಕ್ಕೆ ಏನು ತೋರಿಸ್ತೀನಿ? ಅದು ಸರಿ ಇದೆಯಾ ಅಂತ ಯಾರು, ಹೇಗೆ ನೋಡ್ತಾರೆ?

ಮೊದಲನೆಯದಕ್ಕೆ ಅವಳು "ಕನ್ನಡ ಟೈಪೋಗ್ರಫಿ ಕಲಿಯೋದು" ಅಂತ ಬರೆದಳು. ಅದು ಒಂದು ಜನ್ಮಕ್ಕೆ ಸಾಕಾಗೋ ಕೆಲಸ. ತಿದ್ದಿ ತಿದ್ದಿ ಕೊನೆಗೆ ನಿಂತದ್ದು: "16 ಸಾಲಿನಲ್ಲಿ ಒತ್ತಕ್ಷರ ಇರುವ ಊರಿನ ಹೆಸರು 20 ಮೀಟರ್ ದೂರದಿಂದ ತಪ್ಪಿಲ್ಲದೆ ಓದುವಂತೆ ಮಾಡುವುದು." ಈ ಸಾಲು ಬಂದಮೇಲೆ ಏನು ಓದಬೇಕು ಅನ್ನೋದಕ್ಕಿಂತ, ಏನು ಓದಬೇಕಾಗಿಲ್ಲ ಅನ್ನೋದು ಗೊತ್ತಾಯ್ತು. ಆ ಡಾಕನ್ನ ಗೈಡ್ ಜೊತೆ ಹಂಚಿಕೊಂಡಳು, ಪಕ್ಕದಲ್ಲಿ ಕಾಮೆಂಟ್ ಬರೆಯೋ ಹಾಗೆ.

ಎರಡು: ಹುಡುಕುವ ಜಾಗ

ಕಲಿಯೋಕೆ ದುಡ್ಡಿಲ್ಲದೆ ಸಿಗುವ ಮೂಲಗಳು ನಾವಂದುಕೊಂಡದ್ದಕ್ಕಿಂತ ಜಾಸ್ತಿ ಇವೆ. ಐಐಟಿ ಬಾಂಬೆಯ ಐಡಿಸಿ ನಡೆಸುವ 'ಡಿ-ಸೋರ್ಸ್' ಡಿಸೈನ್‌ಗೆ ಅಂತಲೇ ಇರುವ ತಾಣ. ಕೇಂದ್ರ ಸರ್ಕಾರದ ಯೋಜನೆಯಡಿ ಎನ್‌ಐಡಿ, ಐಐಟಿ ಗುವಾಹಟಿ ಜೊತೆ ಸೇರಿ ಕಟ್ಟಿದ್ದು. ಕೋರ್ಸು, ನಮ್ಮ ದೇಶದ ಕರಕುಶಲದ ದಾಖಲೆ, ಕೇಸ್ ಸ್ಟಡಿ ಎಲ್ಲ ಇವೆ. ಎನ್‌ಪಿಟೆಲ್‌ನಲ್ಲಿ ಐಐಟಿ, ಐಐಎಸ್‌ಸಿ ಅಧ್ಯಾಪಕರ ಪಾಠಗಳಿವೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಸಿಗುತ್ತವೆ. ಕಿಟ್ಟೆಲ್ ನಿಘಂಟು 1894ರದ್ದು. ಅಷ್ಟು ಸಣ್ಣ ಅಚ್ಚಿನಲ್ಲಿ ಒತ್ತಕ್ಷರ ಹೇಗೆ ಕೂರಿಸಿದ್ದಾರೆ ಅಂತ ಪುಟ ದೊಡ್ಡದು ಮಾಡಿ ನೋಡಬಹುದು.

ಗೂಗಲ್ ಫಾಂಟ್ಸ್‌ನ ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ತರದ ಫಾಂಟುಗಳು ಮುಕ್ತ ಪರವಾನಗಿಯವು. ಫಾಂಟ್‌ಫೋರ್ಜ್ ಅನ್ನೋ ಉಚಿತ ತಂತ್ರಾಂಶದಲ್ಲಿ ಆ ಫಾಂಟನ್ನೇ ತೆರೆದು ಒಳಗೆ ಒಂದೊಂದು ಒತ್ತು ಹೇಗೆ ಬರೆದಿದ್ದಾರೆ ಅಂತ ಬಿಚ್ಚಿ ನೋಡಬಹುದು. ಮೆಕ್ಯಾನಿಕ್ ಆಗೋ ಹುಡುಗ ಎಂಜಿನ್ ಬಿಚ್ಚಿ ಕಲಿಯೋ ಹಾಗೆ.

ಓದಿದ್ದನ್ನ ಇಡೋಕೆ ಜೊಟೆರೊ. ಉಚಿತ, 2006ರಿಂದ ಇದೆ. ಲೇಖನದ ಲೇಖಕ, ವರ್ಷ, ಪುಟ ತಾನೇ ದಾಖಲಿಸಿಕೊಳ್ಳುತ್ತೆ. ಒಂದೇ ನಿಯಮ ಹಾಕ್ಕೊಂಡ್ವಿ: ಯಾವುದನ್ನೇ ಸೇವ್ ಮಾಡಿದ್ರೂ "ಇದು ನನ್ನ ಯಾವ ಪ್ರಶ್ನೆಗೆ ಬೇಕು" ಅಂತ ಒಂದು ಸಾಲು ಬರೀಬೇಕು. ಬರೆಯೋಕೆ ಬರಲಿಲ್ಲ ಅಂದ್ರೆ ಸೇವ್ ಮಾಡಬಾರದು. ಸಾವಿರಾರು ಫೋಟೊಗಳಲ್ಲಿ ಕೊನೆಗೆ ಉಳಿದದ್ದು 31.

ಮೂರು: ಮಾಡಿದ ದಿನವೇ ಒಂದು ಸಾಲು

ಅಕ್ಷರ ಬಿಡಿಸೋಕೆ ಅವಳು ಬಳಸಿದ ಟೂಲ್ ಕೇಳಿ ನನಗೆ ನಗು ಬಂತು: ಗೂಗಲ್ ಶೀಟ್. ನಮ್ಮ ಕಾಮರ್ಸ್‌ನವರ ಆಸ್ತಿ! 16 ಸಾಲು, ಪ್ರತಿ ಚೌಕ ಒಂದು ದೀಪ. ಬಣ್ಣ ತುಂಬಿದ್ರೆ ದೀಪ ಉರೀತಿದೆ, ಇಲ್ಲಾಂದ್ರೆ ಆರಿದೆ. ಅಚ್ಚುಕಟ್ಟಾದ ಚಿತ್ರಗಳು ಮಾತ್ರ ಫಿಗ್ಮಾದಲ್ಲಿ. ಎರಡರಲ್ಲೂ ವರ್ಷನ್ ಹಿಸ್ಟರಿ ಇದೆ, ಹಿಂದಿನ ರೂಪಕ್ಕೆ ಹೋಗಿ ನೋಡಬಹುದು, ಅದಕ್ಕೆ ಹೆಸರು ಕೊಡಬಹುದು. ಫಿಗ್ಮಾದಲ್ಲಿ ಹೆಸರಿನ ಕೆಳಗೆ ವಿವರ ಬರೆಯೋಕೂ ಜಾಗ ಇದೆ.

ಬಹಳ ಜನ ಆ ಜಾಗವನ್ನ ಖಾಲಿ ಬಿಡ್ತಾರೆ. ಅದೇ ನರೇಷನ್ ಬರೆಯೋ ಜಾಗ. ಟೂಲ್ ಏನು ಬದಲಾಯ್ತು ಅನ್ನೋದನ್ನ ತಾನೇ ಉಳಿಸುತ್ತೆ. ಯಾಕೆ ಬದಲಾಯ್ತು ಅನ್ನೋದನ್ನ ನೀವೇ ಬರೀಬೇಕು.

ಇಲ್ಲಿ ಇನ್ನೊಂದು ತೊಡಕು ಬಂತು. ಅವಳು ನೋಟ್ಸ್ ಬರೀತಿದ್ದದ್ದು ಇಂಗ್ಲಿಷ್‌ನಲ್ಲಿ. ನೋಡಿದ್ರೆ ಎಲ್ಲ ಕಡೆ ಒಂದೇ ಮಾತು: ಚೆನ್ನಾಗಿಲ್ಲ, ಪರವಾಗಿಲ್ಲ, ಇದು ಬೆಟರ್. ಯಾಕೆ ಅಂತ ಇಲ್ಲ. ನಾನು ಫೋನಿನಲ್ಲಿ ಕೇಳಿದಾಗ ಮಾತ್ರ ಬಾಯಿತುಂಬ ಹೇಳ್ತಿದ್ದಳು: "ಮ ಅಕ್ಷರದ ಹೊಟ್ಟೆ ಕಟ್ಟಿಹೋಗಿದೆ ಅಣ್ಣ. ಲ್ಲ ಒತ್ತು ಮೇಲಿನ ಲ ಜೊತೆ ಅಂಟಿಕೊಂಡು ಒಂದೇ ಉಂಡೆ ತರ ಕಾಣ್ತದೆ." ಇದನ್ನೇ ಬರಿ ಮಾರಾಯ್ತಿ ಅಂದೆ. ಟೈಪ್ ಮಾಡೋದು ನಿಧಾನ ಅಂದಳು. ಫೋನಿನ ಕೀಬೋರ್ಡ್‌ನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಆನ್ ಮಾಡಿದ್ವಿ. ಮಾತಾಡಿದ್ರೆ ಅಕ್ಷರ ಆಗುತ್ತೆ, ಅಲ್ಲಲ್ಲಿ ತಪ್ಪು ಬಂದ್ರೆ ತಿದ್ದಿಕೊಳ್ಳೋದು. ಅವಳ ಟಿಪ್ಪಣಿಗಳಿಗೆ ಜೀವ ಬಂದದ್ದು ಅವತ್ತಿನಿಂದ. ಯೋಚನೆ ಯಾವ ಭಾಷೆಯಲ್ಲಿ ಬರುತ್ತೋ ಅದರಲ್ಲೇ ಮೊದಲು ಬರೆದಿಡಿ. ಜ್ಯೂರಿಗೆ ಬೇಕಾದ ಇಂಗ್ಲಿಷ್ ಆಮೇಲೆ.

ನಾಲ್ಕು: ವಾರಕ್ಕೊಮ್ಮೆ ಲೆಕ್ಕ ತಾಳೆ ನೋಡೋದು

ಪ್ರತಿ ಶನಿವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ, ಆ ವಾರ ಏನು ತೀರ್ಮಾನ ಮಾಡಿದೆ, ಯಾಕೆ ಅಂತ ನೆನಪಿನಿಂದಲೇ ಐದು ನಿಮಿಷದ ವಾಯ್ಸ್ ನೋಟ್ ಕಳಿಸಬೇಕು. ಆಮೇಲೆ ಫೈಲ್ ತೆರೆದು ತಾಳೆ ನೋಡೋದು.

ಮುಚ್ಚಿ ಹೇಳೋದು ಯಾಕೆ? ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ಗುಂಪು ಪಾಠವನ್ನ ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿ ಮುಚ್ಚಿಟ್ಟು ನೆನಪಿಸಿಕೊಂಡಿತು. ಐದು ನಿಮಿಷದ ನಂತರ ಕೇಳಿದ್ರೆ ಓದಿದವರು ಮುಂದು. ಒಂದು ವಾರದ ನಂತರ ಕೇಳಿದ್ರೆ ನೆನಪಿಸಿಕೊಂಡವರು ಮುಂದು. ನಮ್ಮ ಹುಡುಗಿಯ ಮೊದಲ ಶನಿವಾರದ ವಾಯ್ಸ್ ನೋಟ್ 40 ಸೆಕೆಂಡಿಗೆ ನಿಂತುಹೋಯ್ತು. ಕಳೆದುಹೋದದ್ದು ಎಲ್ಲಿ ಅಂತ ಗೊತ್ತಾಗೋಕೆ ಅಷ್ಟು ಸಾಕಾಯ್ತು.

ಐದು: ಬೇರೆಯವರ ಕಣ್ಣು

ತಿಂಗಳ ನಡುವೆ ಒಂದು ದೊಡ್ಡ ತಪ್ಪು ಸಿಕ್ತು. ಅವಳು ಮೊದಲಿಂದ ಪರೀಕ್ಷೆಗೆ ಬಳಸ್ತಿದ್ದ ಹೆಸರುಗಳು: ತಿಪಟೂರು, ತುಮಕೂರು, ಅರಸೀಕೆರೆ, ಹಾಸನ. ಎಲ್ಲ ತನ್ನ ದಾರಿಯ ಊರುಗಳು. ಬೋರ್ಡಿನಲ್ಲಿ ಸೊಗಸಾಗಿ ಕಾಣ್ತಿದ್ವು. ಊರಿಗೆ ಹೋದಾಗ ಚಿಕ್ಕಪ್ಪನಿಗೂ ತೋರಿಸಿದ್ಲು. ಅವರು "ನಮ್ಮೂರ ಹೆಸರು ಎಷ್ಟು ಚೆನ್ನಾಗಿ ಕಾಣ್ತದಲ್ಲ ಮಗ, ಇನ್ನೇನು ತೊಂದರೆ ಅಂತೆ ಅವರಿಗೆ?" ಅಂದ್ರು. ಅಂಗಡಿಗೆ ಬಂದಿದ್ದ ಒಬ್ಬರು ಪಕ್ಕದಿಂದ ನೋಡಿ, "ಧರ್ಮಸ್ಥಳ ಹಾಕಮ್ಮ ನೋಡಣ" ಅಂದ್ರಂತೆ.

ಹಾಕಿದ್ಲು. ಧ ಹೋಗಿ ದ ಆಗಿತ್ತು. ಸ್ಥ ಅನ್ನೋದು ಒಂದು ಮಸಿ ಚುಕ್ಕೆ ತರ. ಮಲ್ಲೇಶ್ವರಂ, ಚನ್ನರಾಯಪಟ್ಟಣ ಹಾಕಿದ್ರೂ ಅದೇ ಗತಿ. ಅವಳು ಆರಿಸಿದ್ದ ನಾಲ್ಕು ಊರುಗಳಲ್ಲಿ ಒಂದಕ್ಕೂ ಒತ್ತಿಲ್ಲ! ಇಡೀ ಪ್ರಾಜೆಕ್ಟ್ ಇರೋದೇ ಒತ್ತಿನ ಬಗ್ಗೆ.

ಇದು ಸ್ವಂತ ಕಲಿಕೆಯ ದೊಡ್ಡ ಅಪಾಯ. ಪಾಠವೂ ನಮ್ಮದೇ, ಪ್ರಶ್ನೆಪತ್ರಿಕೆಯೂ ನಮ್ಮದೇ. ಗೊತ್ತಿಲ್ಲದ ಹಾಗೆ ನಾವು ಪಾಸಾಗೋ ಪ್ರಶ್ನೆಯನ್ನೇ ಕೇಳಿಕೊಳ್ತೀವಿ. ಒಂದು ಎಐ ಚಾಟ್‌ಬಾಟ್ ಹತ್ರ ಅವಳು "11 ಸಾಲು ಸಾಕಾ" ಅಂತ ಕೇಳಿದ್ದಳು. ಸಾಕು ಅಂತ ಮೂರು ಪ್ಯಾರಾ ಉತ್ತರ ಬಂದಿತ್ತು. ಅದು ಬೋರ್ಡ್ ನೋಡಿರಲಿಲ್ಲ, ಬಸ್ಸಿಗೆ ಕಾದಿರಲೂ ಇಲ್ಲ. ಆಮೇಲೆ ಪ್ರಶ್ನೆ ತಿರುಗಿಸಿದ್ವಿ: "ನನ್ನ ಪರೀಕ್ಷೆ ಸೋಲೋದಕ್ಕೆ ಎಂಥ ಪದಗಳು ಬೇಕು?" ಆಗ ಒತ್ತಕ್ಷರ, ಮಹಾಪ್ರಾಣ, ಉದ್ದದ ಹೆಸರು ಅಂತ ಒಂದು ಪಟ್ಟಿ ಕೊಟ್ಟಿತು. ಅದನ್ನ ನಾವೇ ಶೋಧಿಸಿ ಉಪಯೋಗಿಸಿಕೊಂಡ್ವಿ. ಎಐ ಹತ್ರ ತೀರ್ಪು ಕೇಳಬೇಡಿ, ಕಷ್ಟದ ಪ್ರಶ್ನೆ ಕೇಳಿಸಿಕೊಳ್ಳಿ.

ತೀರ್ಪಿಗೆ ಜನ ಬೇಕು. ಹಾಸ್ಟೆಲ್ ಕಾರಿಡಾರಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್, 20 ಮೀಟರ್ ಆಚೆ ಓದುವವರು. ಅಡುಗೆಯವರು, ಸೆಕ್ಯೂರಿಟಿಯವರು, ಕನ್ನಡಕ ಮರೆತು ಬಂದ ಒಬ್ಬ ಮೇಷ್ಟ್ರು. ಯಾವ ಹೆಸರು ತಪ್ಪು ಓದಿದ್ರು ಅಂತ ಶೀಟಿನಲ್ಲಿ ಗುರುತು. 12 ಸಾಲು ಕೊಟ್ಟಾಗ ಒತ್ತುಗಳು ತಪ್ಪಿದವು. 10 ಕೊಟ್ಟಾಗ ಧ-ದ ತಪ್ಪಿತು. 11ರಲ್ಲಿ ಧರ್ಮಸ್ಥಳ ಉಳೀತು, ಆದ್ರೆ ಧ ಅಕ್ಷರದ ಸೀಳನ್ನ ಒಂದು ದೀಪ ಅಗಲ ಮಾಡಿ, ಒತ್ತನ್ನ ಸ್ವಲ್ಪ ಬಲಕ್ಕೆ ಸರಿಸಿದಮೇಲೆ.

ಎರಡನೇ ಜ್ಯೂರಿ

ಅದೇ ಪ್ರಶ್ನೆ ಬಂತಂತೆ: "11 ಯಾಕೆ?" ಈ ಸಲ ಅವಳು ಮೂರು ಪ್ರಿಂಟ್ ಅಂಟಿಸಿದ್ದಳು, 10, 11, 12. ಪ್ರತಿಯೊಂದರ ಕೆಳಗೆ ದಿನಾಂಕ, ಒಂದು ಸಾಲು ಕಾರಣ, ಯಾವ ಹೆಸರನ್ನ ಎಷ್ಟು ಜನ ತಪ್ಪು ಓದಿದರು ಅನ್ನೋ ಲೆಕ್ಕ. ಜ್ಯೂರಿಯಲ್ಲಿ ಒಬ್ಬರು ಒತ್ತನ್ನ ಬಲಕ್ಕೆ ಸರಿಸಿದ್ದನ್ನ ಒಪ್ಪಲಿಲ್ಲ. ಅಕ್ಷರದ ಜಾಯಮಾನ ಕೆಡುತ್ತೆ ಅಂದ್ರು. ಅರ್ಧ ಗಂಟೆ ವಾದ ಆಯ್ತು. ಫೋನ್ ಮಾಡಿದಾಗ ಅವಳ ದನಿಯಲ್ಲಿ ಸುಸ್ತಿತ್ತು, ಹೆದರಿಕೆ ಇರಲಿಲ್ಲ. "ಅಣ್ಣ, ಅವರು ಒಪ್ಪಲಿಲ್ಲ, ಆದ್ರೆ ಮುಂದಿನ ಹಂತಕ್ಕೆ ಹೋಗು ಅಂದ್ರು. ಈ ಸಲ ನನ್ನ ಹತ್ರ ಉತ್ತರ ಇತ್ತು."

ಗಮನಿಸಿ, ಆ ಉತ್ತರಕ್ಕೆ ದುಡ್ಡು ಕೊಟ್ಟು ಯಾವ ಹೊಸ ಆ್ಯಪ್ಪನ್ನೂ ಕೊಂಡಿರಲಿಲ್ಲ. ಒಂದು ಡಾಕ್, ಒಂದು ಶೀಟ್, ಜೊಟೆರೊ, ಫಿಗ್ಮಾದ ಖಾಲಿ ಬಿಡುತ್ತಿದ್ದ ಒಂದು ಚೌಕ, ಫೋನಿನ ಮೈಕು.

ಕೇಳ್ತಿರೋ ಡಿಸೈನ್ ವಿದ್ಯಾರ್ಥಿಗಳಿಗೆ ನನ್ನದೊಂದು ಮನವಿ. ಹೊಸ ಟೂಲ್ ಹಾಕಿಕೊಳ್ಳೋ ಮೊದಲು, ಇವತ್ತು ನೀವು ಕೊನೆಯದಾಗಿ ಸೇವ್ ಮಾಡಿದ ಫೈಲ್ ತೆರೀರಿ. ಅದರ ಹಿಂದಿನ ರೂಪಕ್ಕೂ ಇದಕ್ಕೂ ಏನು ಬದಲಾಯ್ತು, ಯಾಕೆ ಬದಲಾಯಿಸಿದಿರಿ ಅಂತ ಒಂದೇ ಸಾಲು ಬರೀರಿ, ನಿಮ್ಮ ಮನೆ ಮಾತಿನಲ್ಲಿ. ಬರೆಯೋಕೆ ಆಗಲಿಲ್ಲ ಅಂದ್ರೆ ಬೇಜಾರು ಬೇಡ. ನಾಳೆ ಕೇಳಬೇಕಾದ ಪ್ರಶ್ನೆ ಇವತ್ತೇ ಸಿಕ್ಕಿತು ಅಂದುಕೊಳ್ಳಿ.

ಇವತ್ತಿಗೆ ಇಷ್ಟು. ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.